ಅನುದಾನ ಕೇಳುವಾಗ ಗಿಡಕ್ಕಿಂತ ನೀರಿನ ಲೆಕ್ಕ ಬರೆಯಿರಿ

ಪುಣೆಯ ಪಾಷಾಣ್ ಕಡೆಯ ಗುಡ್ಡದಲ್ಲಿ ಗಿಡ ನೆಡಲು ಶುರುಮಾಡಿದಾಗ ನಮ್ಮದು ಬರೀ ಭಾನುವಾರದ ಗುಂಪು. ಧಾರವಾಡ, ಕಲಬುರ್ಗಿ ಕಡೆಯ ಒಂದಷ್ಟು ಮನೆಯವರು, ಜೊತೆಗೆ ಅಕ್ಕಪಕ್ಕದ ಮರಾಠಿ ಗೆಳೆಯರು. ಕೈಯಿಂದ ಖರ್ಚು ಹಾಕಿ ಎಷ್ಟು ದಿನ ಅಂತ ನಡೆಸೋದು? ಸರ್ಕಾರದ ಅನುದಾನ ಕೇಳೋಣ ಅಂತ ಸಂಘ ನೋಂದಾಯಿಸಿದೆವು.

ಮಹಾರಾಷ್ಟ್ರದಲ್ಲಿ 1860ರ ಸೊಸೈಟಿ ಕಾಯ್ದೆಯಡಿ ನೋಂದಣಿಯಾದರೆ ಸಾಲದು, 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿಯೂ ಆಗಬೇಕು. ಆಮೇಲೆ ಪ್ಯಾನ್, ಸಂಘದ ಹೆಸರಲ್ಲೇ ಬ್ಯಾಂಕ್ ಖಾತೆ, ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನ ಸಂಖ್ಯೆ. ಕೇಂದ್ರದ ಅನುದಾನಕ್ಕೆ ಈ ಸಂಖ್ಯೆ ಬೇಕೇ ಬೇಕು. ಹಿಂದಿನ ವರ್ಷಗಳ ಆಡಿಟ್ ಆದ ಲೆಕ್ಕವನ್ನೂ ಕೇಳುತ್ತಾರೆ. ಹಾಗಾಗಿ ಅನುದಾನದ ಯೋಚನೆ ದೂರವಿದ್ದರೂ ಮೊದಲ ವರ್ಷದಿಂದಲೇ ಆಡಿಟ್ ಮಾಡಿಸಿ.

ಜಾಗ ಯಾರದ್ದು ಅನ್ನೋದೂ ಮುಖ್ಯ. ಇಲ್ಲಿನ ಗುಡ್ಡಗಳಲ್ಲಿ ಸಾಕಷ್ಟು ಜಾಗ ಅರಣ್ಯ ಇಲಾಖೆಯದು. ಅವರ ಅನುಮತಿ ಪತ್ರ ಕೈಗೆ ಬಂದ ಮೇಲೆಯೇ ನಾವು ಅರ್ಜಿ ಬರೆಯಲು ಕೂತದ್ದು. ಪುಣೆಯಲ್ಲೇ ಇರುವ ವಾರ್ಜೆಯ ಕಾಡನ್ನು ಒಮ್ಮೆ ನೋಡಿ ಬನ್ನಿ. ಬರಡಾಗಿದ್ದ ಅರಣ್ಯ ಇಲಾಖೆಯ ಜಾಗ ಹಸಿರಾಗಿ, 2020ರಲ್ಲಿ ಕೇಂದ್ರದ ನಗರ ವನ ಯೋಜನೆಗೇ ಮಾದರಿಯಾಯಿತು. ಇಲಾಖೆಯೂ ಜನರೂ ಕೈ ಜೋಡಿಸಿದರೆ ಏನಾಗುತ್ತೆ ಅಂತ ಅಲ್ಲಿ ಕಣ್ಣಾರೆ ಕಾಣುತ್ತೆ.

ಅರ್ಜಿಯಲ್ಲಿ ಸಾವಿರಗಟ್ಟಲೆ ಗಿಡ ತೋರಿಸುವ ಆಸೆ ಎಲ್ಲರಿಗೂ ಇರುತ್ತೆ. ನಾವು ಗಿಡ ಕಡಿಮೆ, ನೀರು ಜಾಸ್ತಿ ಬರೆದೆವು. ಈ ಗುಡ್ಡಗಳಲ್ಲಿ ಮೇಲೆ ಗೇಣುದ್ದ ಗರಸು, ಕೆಳಗೆ ಬರೀ ಕರಿಕಲ್ಲು. ಪಿಕಾಸಿ ಹಾಕಿದರೆ ಠಣ್ ಅಂತ ಪುಟಿಯುತ್ತೆ. ಅಕ್ಟೋಬರ್‌ಗೆ ಮಳೆ ನಿಂತರೆ ಮತ್ತೆ ಜೂನ್‌ವರೆಗೆ ಕಾಯಬೇಕು. ಮುತ್ತುಗ, ಬೇವು, ನೇರಳೆ ಯಾವುದೇ ಇರಲಿ, ಬೇರು ಕಲ್ಲಿನ ಸಂದು ಹಿಡಿಯುವ ತನಕ ಎರಡು ಮೂರು ಬೇಸಿಗೆ ನೀರು ಬೇಕು. ಅದಕ್ಕೇ ಟ್ಯಾಂಕರ್, ಪೈಪು, ಕೊಡ ಹೊರುವವರ ಕೂಲಿ, ಒಣಗಿದ ಗಿಡದ ಜಾಗಕ್ಕೆ ಹೊಸ ಗಿಡ, ಎಲ್ಲವನ್ನೂ ಬಿಡಿಬಿಡಿಯಾಗಿ ಹಾಕಿದೆವು. ಕಚೇರಿಯಲ್ಲಿ ಜಾಸ್ತಿ ಪ್ರಶ್ನೆ ಬಂದದ್ದೂ ಆ ಪುಟದ ಮೇಲೆಯೇ. ಉತ್ತರ ನಮ್ಮ ಬಳಿ ಇತ್ತು.

ದುಡ್ಡು ಬಂದ ಮೇಲೆ ಶಿಸ್ತು ಬೇಕು. ನಮ್ಮಲ್ಲಿ ಲೆಕ್ಕ ನೋಡುವ ಅಕ್ಕ ನಿವೃತ್ತ ಬ್ಯಾಂಕ್ ಉದ್ಯೋಗಿ. ಟ್ಯಾಂಕರ್ ಬಂದ ದಿನ ತಾರೀಖು, ಎಷ್ಟು ಲೀಟರ್, ಗಾಡಿ ನಂಬರ್, ಡ್ರೈವರ್ ಸಹಿ, ಎಲ್ಲ ರಿಜಿಸ್ಟರ್‌ನಲ್ಲಿ ಬರೆಯಲೇಬೇಕು. ಯಂತ್ರದಿಂದ ಬರುವ ತೆಳು ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತೆ. ಅದಕ್ಕೆ ಅವತ್ತೇ ಜೆರಾಕ್ಸ್ ಮಾಡಿ ಜೊತೆಗೆ ಪಿನ್ ಹಾಕುತ್ತಾರೆ. ದೊಡ್ಡ ಖರ್ಚಿಗೆ ಕಮಿಟಿಯ ಠರಾವು ಇರಲೇಬೇಕು.

ವರ್ಷದ ಕೊನೆಗೆ ಹಣ ಬಳಕೆಯ ಪ್ರಮಾಣಪತ್ರ ಕೊಡಬೇಕು. ಕೇಂದ್ರದ ಅನುದಾನವಾದರೆ 2017ರ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ. ಅನುದಾನದ ಮೇಲೆ ಬಂದ ಬಡ್ಡಿಯೂ ಸರ್ಕಾರದ್ದೇ, ಅದನ್ನು ಬೇರೆ ಖರ್ಚಿಗೆ ಮುಟ್ಟಬೇಡಿ. ಈ ಪತ್ರ ಸರಿಯಾಗಿ ಹೋದರೇನೇ ಮುಂದಿನ ಕಂತು.

ಆ ಕಂತು ಬೇಸಿಗೆಗೆ ಸರಿಯಾಗಿ ಬಂದೇ ಬರುತ್ತೆ ಅಂತ ನಂಬಿ ಕೂರುವ ಹಾಗಿಲ್ಲ. ಏಪ್ರಿಲ್ ಬಿಸಿಲಿಗೆ ಎಳೆ ಗಿಡ ತಡೆಯಲ್ಲ. ಸದಸ್ಯರ ವಂತಿಗೆಯಲ್ಲಿ ಒಂದು ಬೇಸಿಗೆಯ ಟ್ಯಾಂಕರ್ ಖರ್ಚನ್ನು ನಾವು ಬೇರೆಯಾಗಿಯೇ ಎತ್ತಿಡುತ್ತೇವೆ. ನೀವೂ ಅಷ್ಟು ಕೂಡಿಸಿಕೊಂಡೇ ಅರ್ಜಿ ಹಾಕಿ.