ತೆತ್ತವರು ಯಾರು? ಪ್ರೀತಿಯ ಬಗೆಗಳನ್ನು ನಾನು ಕಲಿಸುವ ರೀತಿ

ಪ್ರೀತಿಯ ಬಗೆಗಳ ಮೇಲೆ ಸತ್ಯವೇದ (ಬೈಬಲ್) ಅಧ್ಯಯನ ಎಂದರೆ ಹಲಗೆಯ ಮೇಲೆ ನಾಲ್ಕು ಗ್ರೀಕ್ ಪದ ಬರೆಯುವುದು ರೂಢಿ: ಮನೆಯವರ ಮಮತೆಗೆ ಸ್ಟೊರ್ಗೆ, ಸ್ನೇಹಕ್ಕೆ ಫಿಲಿಯಾ, ಗಂಡುಹೆಣ್ಣಿನ ಒಲವಿಗೆ ಎರೋಸ್, ದೇವರ ಪ್ರೀತಿಗೆ ಅಗಾಪೆ. ನಾನೂ ಬರೆಯುತ್ತೇನೆ. ಆದರೆ ಕೂತವರು ಅವನ್ನು ಕೆಳಗಿಂದ ಮೇಲಕ್ಕೆ ಹತ್ತುವ ಮೆಟ್ಟಿಲು ಎಂದುಕೊಳ್ಳುವ ಮೊದಲೇ ಕೆಲವು ವಚನ ತೆಗೆಸಿಬಿಡುತ್ತೇನೆ.

2 ತಿಮೊಥೆಯನಿಗೆ 4:10ರಲ್ಲಿ ದೇಮನು ಇಹಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟುಹೋಗುತ್ತಾನೆ. ಅಲ್ಲಿರುವುದು ಅಗಾಪೆಯ ಕ್ರಿಯಾಪದವೇ. 2 ಸಮುವೇಲ 13ರಲ್ಲಿ ತಾಮಾರಳನ್ನು ಕೆಡಿಸಿದ ಅಮ್ನೋನನ ಮೋಹಕ್ಕೂ ಹಳೆಯ ಒಡಂಬಡಿಕೆಯ ಪುರಾತನ ಗ್ರೀಕ್ ಅನುವಾದ ಅದೇ ಪದ ಬಳಸಿದೆ. ಇತ್ತ ಯೋಹಾನ 5:20ರಲ್ಲಿ ತಂದೆಯು ಮಗನನ್ನು ಪ್ರೀತಿಸುವುದು ಫಿಲಿಯಾದ ಕ್ರಿಯಾಪದದಲ್ಲಿ. 3:35ರಲ್ಲಿ ಇದೇ ಮಾತು ಅಗಾಪೆಯಲ್ಲಿದೆ. ಎರೋಸ್ ಹೊಸ ಒಡಂಬಡಿಕೆಯಲ್ಲಿ ಒಮ್ಮೆಯೂ ಬರುವುದಿಲ್ಲ. ಹಾಗೆಂದು ದಾಂಪತ್ಯದ ಒಲವು ಕೀಳಲ್ಲ: ಪರಮಗೀತೆ 8:6ರ ಮರಣದಷ್ಟು ಬಲವಾದ ಪ್ರೀತಿ ಅದೇ ಗ್ರೀಕ್ ಅನುವಾದದಲ್ಲಿ ಅಗಾಪೆಯೇ.

ಹಾಗಾದರೆ ಬಗೆ ಗುರುತಿಸುವುದು ಹೇಗೆ? ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿಸುತ್ತೇನೆ: ಯಾರು, ಯಾರನ್ನು ಅಥವಾ ಏನನ್ನು, ಏನು ಮಾಡಿದರು, ಅದಕ್ಕೆ ಬೆಲೆ ತೆತ್ತವರು ಯಾರು. ಯೋಹಾನ 3:16 ಸರಾಗವಾಗಿ ತುಂಬುತ್ತದೆ. ಕೊಟ್ಟವನೂ ತೆತ್ತವನೂ ದೇವರೇ. ದೇಮನ ಸಾಲಿನಲ್ಲಿ ತೆತ್ತವನು ಪೌಲ. ಅಮ್ನೋನನ ಸಾಲಿನಲ್ಲಿ ತಾಮಾರ. ಪದ ಒಂದೇ ಇದ್ದರೂ ಕೊನೆಯ ಕಾಲಂ ಬಣ್ಣ ಬಯಲು ಮಾಡುತ್ತದೆ. ಒಂದೂವರೆ ಗಂಟೆಗೆ ಆರು ವಚನ ಸಾಕು. ಹತ್ತು ಇಟ್ಟುಕೊಂಡರೆ ಎಲ್ಲರೂ ಬರೀ ಓದುತ್ತಾರೆ, ಯಾರೂ ಬರೆಯುವುದಿಲ್ಲ.

1 ಕೊರಿಂಥ 13ಕ್ಕೆ ಮಾತ್ರ ಒಂದು ಪೂರ್ತಿ ವಾರ ಬೇಕು. ಮದುವೆಯಲ್ಲಿ ಕೇಳಿ ಕೇಳಿ ಅದು ಹಾಡಿನಂತಾಗಿದೆ. ಪೌಲ ಅದನ್ನು ಬರೆದದ್ದು ಜಗಳವಾಡುತ್ತಿದ್ದ ಸಭೆಗೆ. 4ರಿಂದ 7ನೇ ವಚನದವರೆಗೆ ಗ್ರೀಕಿನಲ್ಲಿ 15 ಕ್ರಿಯಾಪದ, ಅವುಗಳಲ್ಲಿ 8 ‘ಇಲ್ಲ’ ಎನ್ನುವವು. ಪೆನ್ಸಿಲ್ ಹಿಡಿದು ಒಂದೊಂದನ್ನೂ ಪತ್ರದ ಹಿಂದಿನ ಪುಟಗಳಿಗೆ ಜೋಡಿಸಿ. ಹೊಟ್ಟೆಕಿಚ್ಚು 3:3ರಲ್ಲಿದೆ. ಉಬ್ಬಿಕೊಳ್ಳುವುದು 8:1ರಲ್ಲಿ. ಸ್ವಂತ ಹಿತ ನೋಡುವುದು 10:24ರಲ್ಲಿ. ‘ಅಪಕಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ’ ಎಂಬಲ್ಲಿರುವುದು ಲೆಕ್ಕ ಬರೆಯುವ ಪದ: ಖಾತೆ ಪುಸ್ತಕದಲ್ಲಿ ಬಾಕಿ ಏರಿಸುವಂತೆ. ಇಷ್ಟಾದ ಮೇಲೆ ‘ಪ್ರೀತಿ’ ಇದ್ದಲ್ಲಿ ನಿಮ್ಮ ಹೆಸರು ಹಾಕಿ ಓದಿ ಎನ್ನುವುದುಂಟು. ನಾನು ಅದನ್ನು ಮಾಡಿಸುವುದಿಲ್ಲ. ಗಂಟಲು ಕಟ್ಟುತ್ತದೆ, ಮರುದಿನ ಏನೂ ಬದಲಾಗಿರುವುದಿಲ್ಲ. ಒಂದು ಕ್ರಿಯಾಪದ, ಒಬ್ಬ ವ್ಯಕ್ತಿ, ಒಂದು ವಾರ: ಇದು ನಡೆಯುತ್ತದೆ.

ಇಲ್ಲಿ ಆಗುವ ದೊಡ್ಡ ಅನಾಹುತ ಏಳನೇ ವಚನದ್ದು. ‘ಎಲ್ಲವನ್ನೂ ತಾಳಿಕೊಳ್ಳುತ್ತದೆ’ ಎಂದು ಹೊಡೆತ ತಿನ್ನುತ್ತಿರುವವರಿಗೆ ಹೇಳಿಬಿಡುತ್ತಾರೆ. ಅದರ ಹಿಂದಿನ ವಚನವನ್ನೇ ನೋಡಿ: ಪ್ರೀತಿ ಅನ್ಯಾಯದಲ್ಲಿ ಸಂತೋಷಪಡುವುದಿಲ್ಲ, ಸತ್ಯದೊಂದಿಗೆ ಸಂತೋಷಪಡುತ್ತದೆ. ಮುಚ್ಚಿಟ್ಟ ಹಿಂಸೆಗೆ ಈ ಅಧ್ಯಾಯದಲ್ಲಿ ಜಾಗವಿಲ್ಲ. ಅಂಥವರಿಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ, ಅಧ್ಯಯನ ಆಮೇಲೆ.

ಯೋಹಾನ 21:15-17ನ್ನು ಕೊನೆಗಿಡುತ್ತೇನೆ. ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಯೇಸು ಪೇತ್ರನನ್ನು ಎರಡು ಸಲ ಅಗಾಪೆಯಲ್ಲಿ ಕೇಳುತ್ತಾನೆ, ಮೂರನೆಯ ಸಲ ಫಿಲಿಯಾದಲ್ಲಿ. ಪೇತ್ರನ ಉತ್ತರ ಮೂರೂ ಸಲ ಫಿಲಿಯಾದಲ್ಲೇ. ಈ ವ್ಯತ್ಯಾಸದ ಮೇಲೆ ಇಡೀ ಪ್ರಸಂಗ ಕಟ್ಟುವವರಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ, ಏಕೆಂದರೆ ಅದೇ ಮೂರು ವಚನಗಳಲ್ಲಿ ಯೋಹಾನನು ಕುರಿಗೂ ಮೇಯಿಸುವುದಕ್ಕೂ ಪದ ಬದಲಿಸುತ್ತಾನೆ. ಪೇತ್ರ ನೊಂದದ್ದು ಮೂರನೆಯ ಸಲ ಕೇಳಿದ್ದಕ್ಕೆ ಎಂದು 17ನೇ ವಚನವೇ ಹೇಳುತ್ತದೆ. ಕಾಲಂಗಳನ್ನು ತುಂಬಿ ನೋಡಿ. ಮೂರನೆಯದರಲ್ಲಿ ‘ನನ್ನ ಕುರಿಗಳನ್ನು ಮೇಯಿಸು’. ನಾಲ್ಕನೆಯದು 18ನೇ ವಚನಕ್ಕೆ ತುಂಬುತ್ತದೆ: ಮುದುಕನಾದಾಗ ಪೇತ್ರ ಕೈಚಾಚುತ್ತಾನೆ, ಬೇರೊಬ್ಬನು ಅವನ ನಡು ಕಟ್ಟಿ ಅವನಿಗೆ ಇಷ್ಟವಿಲ್ಲದ ಕಡೆಗೆ ಹೊತ್ತೊಯ್ಯುತ್ತಾನೆ.