ಕೈ ಕೊಟ್ಟು ಎದ್ದ ಆಟ

2022ರಲ್ಲಿ ಒಂದು ರಾತ್ರಿ ಒಂದೂವರೆ ಗಂಟೆಗೆ ಫೋನಿನಿಂದ ಚೆಸ್ ಆ್ಯಪ್ ತೆಗೆದು ಹಾಕಿದೆ. ಆಮೇಲೆ ಮೂರು ವರ್ಷ ಒಂದು ಕಾಯಿಯನ್ನೂ ಮುಟ್ಟಲಿಲ್ಲ. ಬಿಟ್ಟೆನಲ್ಲ ಅಂತ ಬೇಜಾರೂ ಆಗಲಿಲ್ಲ. ಒಂಬತ್ತನೇ ವಯಸ್ಸಿನಿಂದ ಆಡಿಕೊಂಡು ಬಂದ ಆಟ ಅದು.

ಕಲಿಸಿದ್ದು ಚಿಕ್ಕಪ್ಪ. ಹೊಸನಗರ ತಾಲ್ಲೂಕಿನ ನಮ್ಮ ಮನೆಯ ಜಗಲಿಯಲ್ಲಿ, ಮಳೆಗಾಲದಲ್ಲಿ. ಅವರದು ಹಳೇ ಪದ್ಧತಿ. ಕಾಲಾಳು ಶುರುವಿನಲ್ಲೂ ಒಂದೇ ಮನೆ ನಡೆಯಬೇಕು. ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಹೈಸ್ಕೂಲಿಗೆ ಶಿವಮೊಗ್ಗಕ್ಕೆ ಬಂದವನು ಮೊದಲ ಟೂರ್ನಿಯಲ್ಲೇ ರಾಜನನ್ನು ಹಾರಿಸಿದೆ. ಎದುರಿಗೆ ಕೂತಿದ್ದ ಹುಡುಗ ಕೈ ಎತ್ತಿ ಆರ್ಬಿಟರನ್ನು, ಅಂದರೆ ತೀರ್ಪುಗಾರರನ್ನು, ಕರೆದ. ಆ ಅವಮಾನದ ಸಿಟ್ಟಿಗೇ ಎರಡು ವರ್ಷ ಚೆನ್ನಾಗಿ ಕಲಿತೆ ಅನ್ನಿ.

ಹುಮ್ಮಸ್ಸು ಒಂದೇ ದಿನಕ್ಕೆ ಹೋಗಲಿಲ್ಲ. ಲಾಕ್‌ಡೌನ್‌ನಲ್ಲಿ, 2020ರಲ್ಲಿ, ಫೋನಿನಲ್ಲಿ ಮೂರು ನಿಮಿಷದ ಆಟ ಶುರು ಮಾಡಿದೆ. ಗೆದ್ದರೆ ರೇಟಿಂಗಿಗೆ ಎಂಟು ಸೇರುತ್ತಿತ್ತು, ಸೋತರೆ ಎಂಟು ಹೋಗುತ್ತಿತ್ತು. 1700 ದಾಟಿದ ದಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೆ. ಅಲ್ಲಿಂದ ಜಾರಿ 1480ಕ್ಕೆ ಬಂದೆ. ಹೋದ ನಂಬರನ್ನು ವಾಪಸ್ ತರಬೇಕು ಅಂತ ಇನ್ನೊಂದು ಆಟ, ಮತ್ತೊಂದು ಆಟ. ಚಾರ್ಜರ್ ಸಿಕ್ಕಿಸಿಕೊಂಡೇ ಗೋಡೆಗೆ ಒರಗಿ ಕೂರುತ್ತಿದ್ದೆ. ಹೆಂಡತಿ ಒಂದು ದಿನ ಮಂಚದಿಂದಲೇ ಕೇಳಿದಳು: "ರೀ, ನೀವು ಆಟ ಆಡ್ತಿದೀರೋ, ಯಾರ ಹತ್ರನಾದ್ರೂ ಜಗಳ ಆಡ್ತಿದೀರೋ?"

ಸೋಲು ದೊಡ್ಡ ವಿಷಯ ಆಗಿರಲಿಲ್ಲ. ಗೆದ್ದಾಗಲೂ ಖುಷಿ ಆಗುತ್ತಿರಲಿಲ್ಲ ಅನ್ನೋದು ನಿಜವಾದ ತೊಂದರೆ. "ಸದ್ಯ, ಎಂಟು ಉಳೀತು" ಅನ್ನಿಸುತ್ತಿತ್ತು, ಅಷ್ಟೇ. ಐದು ನಿಮಿಷ ಕಳೆದ ಮೇಲೆ ಆ ಆಟದಲ್ಲಿ ಏನಾಯಿತು ಅಂತ ಕೇಳಿದರೆ ಒಂದು ನಡೆಯೂ ನೆನಪಿರುತ್ತಿರಲಿಲ್ಲ. ಅಂಥ ಆಟ ಆಡಿದರೆಷ್ಟು, ಬಿಟ್ಟರೆಷ್ಟು, ಅಲ್ವಾ?

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಭಾರತದ ಗುಕೇಶ್, ಚೀನಾದ ಡಿಂಗ್ ಲಿರೆನ್‌ನನ್ನು ಸೋಲಿಸಿ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ. ಆಫೀಸಿನಲ್ಲಿ ಎಲ್ಲರೂ ನನಗೇ ಬಂದು ಹೇಳಿದರು. "ಈಗ ನೀವೂ ಮತ್ತೆ ಶುರು ಮಾಡಿ ಸಾರ್" ಅಂತ ಬೇರೆ. ನಕ್ಕೆ. ಒಳಗೆ ಏನೂ ಆಗಲಿಲ್ಲ. ದೊಡ್ಡವರ ಗೆಲುವು ನೋಡಿದರೆ ಹುಮ್ಮಸ್ಸು ತಾನಾಗೇ ಬರುತ್ತದೆ ಅನ್ನುವ ಮಾತನ್ನು ನಾನಂತೂ ನಂಬುವುದಿಲ್ಲ.

ಅದು ವಾಪಸ್ ಬಂದದ್ದು ಅಡಿಕೆಗೆ ಬರುವ ಕೊಳೆರೋಗದ ದೆಸೆಯಿಂದ. 2025ರ ಜುಲೈ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು ಅಂತ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಮೈಲುತುತ್ತ, ಸುಣ್ಣ ಎಲ್ಲ ತಂದಾಗಿತ್ತು. ಮಳೆ ಹೊಳವಾಗಲಿಲ್ಲ. ನೆಂದ ಮರಕ್ಕೆ ಕೊನೆಗಾರ ಹತ್ತುವ ಹಾಗಿಲ್ಲ, ಹತ್ತಿ ಹೊಡೆದರೂ ಔಷಧಿ ನಿಲ್ಲುವುದಿಲ್ಲ. ಕರೆಂಟ್ ಎರಡನೇ ದಿನವೇ ಹೋಯಿತು. ಫೋನ್ ಸತ್ತಿತು. ಹಳೇ ಕಂಬಳಿ ಹುಡುಕಲು ಅಟ್ಟ ಹತ್ತಿದವನಿಗೆ ನನ್ನ ಹೈಸ್ಕೂಲಿನ ಟ್ರಂಕ್ ಸಿಕ್ಕಿತು. ಒಳಗೆ ಬೂಷ್ಟು ಹಿಡಿದ ಬೋರ್ಡು, ಒಂದು ಒಂಟೆ ಕಡಿಮೆ ಇದ್ದ ಕಾಯಿಗಳು, ಆಡಿದ ನಡೆಗಳನ್ನೆಲ್ಲ ಬರೆದು ದಾರದಲ್ಲಿ ಕಟ್ಟಿಟ್ಟ ಸ್ಕೋರ್‌ಶೀಟ್‌ಗಳು.

ಮೇಲಿನ ಹಾಳೆ ದಾವಣಗೆರೆಯದು, 1999. ಆ ಆಟ ನೆನಪಿತ್ತು. ನಾನು ಕಪ್ಪು. ನಾಲ್ಕು ಗಂಟೆ ಒದ್ದಾಡಿ ಸೋತಿದ್ದೆ. ಬಸ್ಸಿನಲ್ಲಿ ಶಿವಮೊಗ್ಗ ಬರುವವರೆಗೂ ಯಾರ ಹತ್ತಿರವೂ ಮಾತಾಡಿರಲಿಲ್ಲ. ಕಾರ್ಬನ್ ಅಕ್ಷರ ಅರ್ಧ ಅಳಿಸಿತ್ತು. ಮಾಡಲು ಬೇರೆ ಕೆಲಸ ಇರಲಿಲ್ಲ. ಬಚ್ಚಲ ಒಲೆಯ ಮುಂದೆ ಮಣೆ ಹಾಕಿಕೊಂಡು ಒಂದೊಂದೇ ನಡೆ ಇಡುತ್ತಾ ಹೋದೆ. ಇಲ್ಲದ ಒಂಟೆಯ ಬದಲು ಒಂದು ಗೋಟಡಿಕೆ.

51 ನಡೆ ಮುಗಿದಾಗ ಬೋರ್ಡಿನ ಮೇಲೆ ಉಳಿದದ್ದು ಐದು ಕಾಯಿ. ಬಿಳಿಯ ರಾಜ ಡಿ5, ಕಾಲಾಳು ಇ5, ಆನೆ ಎಚ್7 (ಅಕ್ಷರ ಅಂದರೆ ಉದ್ದಸಾಲು, ಅಂಕಿ ಅಂದರೆ ಅಡ್ಡಸಾಲು). ನನ್ನ ರಾಜ ಇ8ರಲ್ಲಿ, ಕೊನೆಯ ಅಡ್ಡಸಾಲಿಗೆ ಅಂಟಿಕೊಂಡಿದ್ದಾನೆ. ನನ್ನ ಆನೆ ದೂರದ ಎ1ರಲ್ಲಿ. ನಡೆ ನನ್ನದು. ಮುಂದೆ ಹಾಳೆಯಲ್ಲಿ ಒಂದೇ ಪದ: ರಿಸೈನ್. ಸೋಲು ಒಪ್ಪಿ ಕೈ ಕೊಟ್ಟು ಎದ್ದು ಬಂದಿದ್ದೆ.

ನೋಡುತ್ತಾ ಕೂತೆ. ಎಲ್ಲೋ ಏನೋ ಸರಿ ಇಲ್ಲ ಅನ್ನಿಸಿತು. ಬಿಳಿಗೆ ಬೇಕಾದ್ದು ಏನು? ರಾಜ ಆರನೇ ಅಡ್ಡಸಾಲಿಗೆ ಬರಬೇಕು. ಹಾಗಾದರೆ ಆ ಸಾಲನ್ನೇ ಮುಚ್ಚಿಬಿಟ್ಟರೆ? ಆನೆಯನ್ನು ಎ1ರಿಂದ ಎ6ಕ್ಕೆ ತಂದೆ. ಬೇಲಿ ಹಾಕಿದ ಹಾಗಾಯಿತು. ಬಿಳಿಯ ರಾಜ ಒಳಗೆ ಬರುವ ಹಾಗೇ ಇಲ್ಲ. ಬೇಲಿ ಮುರಿಯಲು ಅವನು ಕಾಲಾಳನ್ನೇ ಇ6ಕ್ಕೆ ತಳ್ಳಬೇಕು. ತಳ್ಳಿದ ಕೂಡಲೇ ನನ್ನ ಆನೆ ಮತ್ತೆ ಎ1ಕ್ಕೆ ಇಳಿದು ಹಿಂದಿನಿಂದ ಚೆಕ್ ಕೊಡಲು ಶುರು ಮಾಡುತ್ತದೆ. ಅವನ ರಾಜನಿಗೆ ಬಚ್ಚಿಟ್ಟುಕೊಳ್ಳಲು ಇದ್ದ ಒಂದೇ ಜಾಗ ಇ6. ಅಲ್ಲಿ ಈಗ ಅವನದೇ ಕಾಲಾಳು ಕೂತಿದೆ! ಡ್ರಾ. ಹೇಗೆ ತಿರುಗಿಸಿದರೂ ಡ್ರಾ.

26 ವರ್ಷ ಸೋತೆ ಅಂದುಕೊಂಡಿದ್ದ ಆಟ.

"ಎಂತ ಮಾರಾಯ, ನೀರು ಕುದ್ದು ಹಂಡೆ ಬತ್ತಿ ಹೋಯ್ತು, ಸ್ನಾನ ಮಾಡೂದಿಲ್ವಾ?" ಅಂತ ಅಪ್ಪ ಬಂದಾಗ ಎರಡು ಗಂಟೆ ಕಳೆದಿತ್ತು. ಗೊತ್ತೇ ಆಗಿರಲಿಲ್ಲ. ಹಾಗೆ ಹೊತ್ತು ಮರೆತು ಎಷ್ಟು ವರ್ಷ ಆಗಿತ್ತೋ.

ಶಿವಮೊಗ್ಗಕ್ಕೆ ಬಂದು ಓದಿದೆ. ಇದಕ್ಕೆ ಫಿಲಿಡೋರ್ ಸ್ಥಿತಿ ಅನ್ನುತ್ತಾರೆ. ಫಿಲಿಡೋರ್ 18ನೇ ಶತಮಾನದ ಫ್ರಾನ್ಸಿನವನು. ಹೊಟ್ಟೆಪಾಡಿಗೆ ಸಂಗೀತ, ಅದರ ಜೊತೆಗೆ ಚೆಸ್. ಚೆಸ್ ಕೋಚ್‌ಗಳು ಮಕ್ಕಳಿಗೆ ಮೊದಲು ಕಲಿಸುವ ಪಾಠಗಳಲ್ಲೇ ಇದು ಬರುತ್ತದೆ. ನನಗೆ ಕೋಚ್ ಇರಲಿಲ್ಲ. ಬೋರ್ಡಿನ ಮೇಲೆ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿ ಉಳಿದ ಸ್ಥಿತಿಗಳನ್ನೆಲ್ಲ ಕಂಪ್ಯೂಟರ್ ಲೆಕ್ಕ ಹಾಕಿ ಮುಗಿಸಿದೆ. ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ನೋಡಬಹುದು. ಅಲ್ಲೂ ಇಟ್ಟು ನೋಡಿದೆ. ಡ್ರಾ ಅಂತಲೇ ಬಂತು. ಆದರೆ ಒಲೆಯ ಮುಂದೆ ನಾನೇ ಕಂಡುಕೊಂಡ ಖುಷಿ ಅದಕ್ಕೆ ಇರಲಿಲ್ಲ ಬಿಡಿ.

ಅಲ್ಲಿಂದ ನಾನು ಮಾಡಿದ್ದು ಇಷ್ಟು. ಒಂದು ತಿಂಗಳು ಯಾರ ಜೊತೆಗೂ ಆಡಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಹದಿನೈದು ನಿಮಿಷ, ಬರೀ ಆನೆಯ ಅಂತ್ಯದಾಟ, ಅಂದರೆ ರಾಜ, ಆನೆ, ಕಾಲಾಳು ಮಾತ್ರ ಉಳಿದ ಆಟ. ಮರದ ಬೋರ್ಡಿನಲ್ಲಿ, ಕೈಯಲ್ಲಿ ಕಾಯಿ ಹಿಡಿದು. "ದಿನಾ 50 ಪಜಲ್ ಬಿಡಿಸು, ಆಸಕ್ತಿ ತಾನಾಗೇ ಬರುತ್ತೆ" ಅಂತ ಗೆಳೆಯನೊಬ್ಬ ಹೇಳಿದ್ದ. ಹಸಿವೇ ಇಲ್ಲದವನ ಎಲೆಗೆ ಇನ್ನೆರಡು ಕಡುಬು ಬಡಿಸಿದ ಹಾಗೆ ಅದು. ನನಗೆ ಬೇಕಿದ್ದದ್ದು ಕಡಿಮೆ ಕಾಯಿ, ಜಾಸ್ತಿ ಹೊತ್ತು.

ಆಮೇಲೆ ಸಾಗರದಲ್ಲಿರುವ ಒಬ್ಬ ಮೇಷ್ಟ್ರ ಜೊತೆ ವಾಟ್ಸ್ಆ್ಯಪ್‌ನಲ್ಲಿ ಆಟ ಶುರುವಾಯಿತು. ದಿನಕ್ಕೆ ಒಂದೇ ನಡೆ. ಅವರು ರಾತ್ರಿ ಊಟ ಮುಗಿಸಿ ಕಳಿಸುತ್ತಾರೆ, ನಾನು ಬೆಳಿಗ್ಗೆ. ಒಂದು ಆಟ ಎರಡು ತಿಂಗಳು ನಡೆಯುತ್ತದೆ. ಮುಗಿದ ಮೇಲೆ ನಾನು ಯೋಚಿಸಿದ್ದನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ, ಕಂಪ್ಯೂಟರಿಗೆ ತೋರಿಸುವುದು ಆಮೇಲೆ. ಈ ಕ್ರಮ ತಪ್ಪಿದರೆ ಕೆಲಸ ಕೆಟ್ಟಿತು. ಉತ್ತರ ಮೊದಲೇ ಗೊತ್ತಾದರೆ ತಲೆ ಸುಮ್ನೆ ಮಲಗಿಬಿಡುತ್ತದೆ.

ಗುಕೇಶ್‌ನ ಆ ಕೊನೆಯ ಆಟವನ್ನು ಆಗ ಬೋರ್ಡಿನ ಮೇಲಿಟ್ಟು ನೋಡಿದೆ. ಡಿಂಗ್‌ಗೆ ಒಂದು ಕಾಲಾಳು ಕಡಿಮೆ, ಆದರೂ ಡ್ರಾ ಆಗುವ ಸ್ಥಿತಿ. 55ನೇ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ತಂದ. ಆನೆಗಳು ಹೋದವು, ಒಂಟೆಗಳೂ ಹೋದವು, ಬರೀ ಕಾಲಾಳಿನ ಆಟ ಉಳಿದು ಸೋತ. ಅಷ್ಟು ದೊಡ್ಡವನಿಗೂ ಸುಸ್ತಾದಾಗ ಇಂಥದ್ದು ತಪ್ಪುತ್ತದೆ. ಮೈ ಜುಮ್ ಅಂದಿತು. ತಿಂಗಳುಗಟ್ಟಲೆ ತಡವಾಗಿ.

ಎಲ್ಲ ಸರಿಹೋಯಿತು ಅಂತೇನಿಲ್ಲ. ದೀಪಾವಳಿ ರಜೆಯಲ್ಲಿ ಒಂದು ರಾತ್ರಿ ಮತ್ತೆ ಆ್ಯಪ್ ಹಾಕಿಕೊಂಡು ಹನ್ನೊಂದು ಆಟ ಆಡಿದೆ. ಬೆಳಿಗ್ಗೆ ತೆಗೆದೆ.

ಆಮೇಲೆ ಶಿವಮೊಗ್ಗದಲ್ಲೇ ಒಂದು ಭಾನುವಾರದ ಟೂರ್ನಿಗೆ ಹೆಸರು ಕೊಟ್ಟೆ. ಮೂರನೇ ಸುತ್ತಿನಲ್ಲಿ ಎದುರಿಗೆ ಹದಿಮೂರು ವರ್ಷದ ಹುಡುಗ. ಬಂತು ನೋಡಿ, ಆನೆಯ ಅಂತ್ಯದಾಟ, ನನಗೆ ಒಂದು ಕಾಲಾಳು ಕಡಿಮೆ. ಬೇಲಿ ಹಾಕಿದೆ. ಗಡಿಯಾರದಲ್ಲಿ ಒಂದು ನಿಮಿಷ ಇದ್ದಾಗ ಕೈ ನಡುಗಿ ಆನೆಯನ್ನು ಬೇಗ ಇಳಿಸಿಬಿಟ್ಟೆ. ಅವನ ರಾಜ ಒಳಗೆ ಬಂದ. ಸೋತೆ.

ಹೊರಗೆ ಬೆಂಚಿನ ಮೇಲೆ ಇಬ್ಬರೂ ಅದೇ ಸ್ಥಿತಿ ಇಟ್ಟುಕೊಂಡು ಕೂತೆವು. ನಾನು ಬೇಲಿಯ ಕಥೆ ಶುರು ಮಾಡಿದೆ. ಅವನಿಗೆ ಅದು ಗೊತ್ತಿತ್ತು. "ಬೇಲಿ ಬಿಟ್ಟ ಮೇಲೂ ಡ್ರಾ ಇತ್ತು ಅಂಕಲ್. ಆನೆನ ಕಾಲಾಳಿನ ಹಿಂದೆ ಇಟ್ಟು, ರಾಜನ್ನ ಚಿಕ್ಕ ಕಡೆಗೆ, ಅಂದ್ರೆ ಕಾಲಾಳಿನ ಪಕ್ಕ ಸಾಲು ಕಡಿಮೆ ಇರೋ ಕಡೆಗೆ, ಸರಿಸ್ಬೇಕಿತ್ತು" ಅಂದ. ಸರಿಸಿ ತೋರಿಸಿದ. ನಾಲ್ಕನೇ ಸುತ್ತಿಗೆ ಕೂಗುವವರೆಗೂ ತಿರುಗಿಸಿ ತಿರುಗಿಸಿ ನೋಡಿದೆವು. ಹುಡುಗ ಹೇಳಿದ್ದು ಸರಿ.

ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಇ ಸಾಲಿನ ಕಾಲಾಳಾದರೆ ರಾಜ ಎಚ್ ಕಡೆಗೆ, ಆನೆಗೆ ಎ ಕಡೆ ಖಾಲಿ ಇರಲಿ.