ಬೋಟಿನ ಎಂಜಿನ್ ಬಿಸಿಯೇರುವುದು ಹೇಗೆ ನಿಂತಿತು

ಕೇರಳದ ಕೊಲ್ಲಂನಿಂದ ಕೊಟ್ಟಪ್ಪುರಂವರೆಗಿನ ನೀರದಾರಿ 1993ರಲ್ಲಿ ರಾಷ್ಟ್ರೀಯ ಜಲಮಾರ್ಗ 3 ಎಂದು ಘೋಷಣೆಯಾದದ್ದು. ಅದನ್ನು ನಮ್ಮ ಪುಟ್ಟ ಫೈಬರ್ ಬೋಟಿನಲ್ಲೇ ಮುಗಿಸೋಣ ಎಂದು ನಾನೂ ನನ್ನವಳೂ ಹೊರಟಿದ್ದೆವು. ಆಲಪ್ಪುಳ ದಾಟಿದ ಮೇಲೆ, ಬೋಟಿನ ಹಿಂಬದಿಗೆ ಕಟ್ಟಿದ ಔಟ್‌ಬೋರ್ಡ್ ಮೋಟಾರಿನಿಂದ ಸದಾ ಚಿಮ್ಮಬೇಕಾದ ಸಣ್ಣ ನೀರಿನ ಧಾರೆ ನಿಂತೇಹೋಯಿತು. ಎಂಜಿನ್ ತಂಪಾಗಿಡುವ ನೀರು ಒಳಗೆ ಹರಿಯುತ್ತಿದೆ ಎನ್ನುವುದಕ್ಕೆ ಆ ಧಾರೆಯೇ ಗುರುತು.

"ರೀ, ಮೊದಲು ಆಫ್ ಮಾಡಿ!" ಎಂದಳು. ಮೋಟಾರ್ ಎತ್ತಿ ನೋಡಿದರೆ ನೀರೆಳೆಯುವ ಜಾಲರಿಗೆ ಅಂತರಗಂಗೆಯ ಬೇರು ಮೆತ್ತಿಕೊಂಡಿತ್ತು. ಬೆಳ್ಳಂದೂರು ಕೆರೆ ನೋಡಿದವರಿಗೆ ಈ ಗಿಡದ ಪರಿಚಯ ಹೇಳಬೇಕಿಲ್ಲ. ವೆಂಬನಾಡು ಕೆರೆಗೆ ಅಡ್ಡ ಕಟ್ಟಿರುವ ತಣ್ಣೀರ್ಮುಕ್ಕಂ ಬಂಡ್ ಮುಚ್ಚಿದಾಗ ಉಪ್ಪುನೀರು ಒಳಬರುವುದಿಲ್ಲ, ಇದಕ್ಕೆ ಹಬ್ಬ. ಬೇರು ಕಿತ್ತು, ಧಾರೆಯ ತೂತಿಗೆ ತೆಳು ತಂತಿ ಆಡಿಸಿದೆ. ಸ್ವಲ್ಪ ದೂರ ಹೋಗಿ ಮತ್ತೆ ಅದೇ ರಗಳೆ. ಪ್ರಯಾಣ ಅಲ್ಲಿಗೇ ಬಿಟ್ಟು ಮೋಟಾರನ್ನು ಬೆಂಗಳೂರಿಗೆ ತಂದೆವು.

ಕೆಳಭಾಗ ಬಿಚ್ಚಿದಾಗ ಅಸಲು ಕಾರಣ ಸಿಕ್ಕಿತು: ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್‌ನ, ಅಂದರೆ ನೀರು ತಳ್ಳುವ ಪುಟ್ಟ ಚಕ್ರದ, ಎಸಳು ಹರಿದಿದ್ದವು. ಹೊಸದು ಹಾಕುವುದು ಸುಲಭ. ಹರಿದ ಚೂರುಗಳನ್ನು ಹುಡುಕುವುದೇ ಕೆಲಸ. ಒಂದು ಚೂರು ಮೇಲಿನ ಕೊಳವೆಯಲ್ಲಿ ಉಳಿದರೂ ನೀರು ಏರುವುದಿಲ್ಲ. ಪೇಪರ್ ಹಾಸಿ ಹಳೆಯ ಎಸಳನ್ನು ಜೋಡಿಸಿ ನೋಡಿದೆವು. ಕೊನೇ ಚೂರನ್ನು ಅವಳೇ ಇಕ್ಕಳದಲ್ಲಿ ಎಳೆದಳು. ಹೊಸ ಎಸಳು ಶಾಫ್ಟ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಬಾಗುವಂತೆ, ಗ್ರೀಸ್ ಸವರಿ ಕೂರಿಸಬೇಕು.

ಕಾವೇರಿ ನೀರು ಬರದ ದಿನಕ್ಕೆಂದು ಇಟ್ಟಿದ್ದ ನೀಲಿ ಡ್ರಮ್ಮಿನಲ್ಲೇ ಪರೀಕ್ಷೆ. ಜಾಲರಿ ಪೂರ್ತಿ ಮುಳುಗಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು. ಧಾರೆ ಗೋಡೆಗೆ ಬಡಿಯಿತು. ಈಗ ಟೂಲ್ ಡಬ್ಬಿಯಲ್ಲಿ ಒಂದು ಇಂಪೆಲ್ಲರ್ ಹೆಚ್ಚಿಗೆ ಇಟ್ಟಿದ್ದೇವೆ, ಇಕ್ಕಳದ ಜೊತೆಗೆ.